ಗೆದ್ದ ರಾತ್ರಿಯ ನಿದ್ದೆ

ಎರಡು ಎಕ್ಕ ಒಟ್ಟಿಗೆ ಕೈಗೆ ಬರುವುದು ಸರಾಸರಿ 221 ಸಲಕ್ಕೆ ಒಂದು ಸಲ. ನಮ್ಮ ಶನಿವಾರದ ಪೋಕರ್ ಆಟದಲ್ಲಿ ಗಂಟೆಗೆ ಇಪ್ಪತ್ತೈದು ಸಲ ಎಲೆ ಹಂಚಿದರೆ ಅದೇ ಹೆಚ್ಚು. ಮೇಷ್ಟ್ರು ಎಲೆ ಕಲೆಸುವುದೇ ಅಷ್ಟು ನಿಧಾನ. ಅಂದರೆ ಒಂಬತ್ತು ಗಂಟೆ ಕೂತರೆ ಒಂದು ಸಲ ಆ ಜೋಡಿ. ಎರಡು ಶನಿವಾರಕ್ಕೆ ಒಮ್ಮೆ ಅನ್ನಿ.

ಆ ರಾತ್ರಿ ಬಂತು. ಆಟೀನ್ ಎಕ್ಕ, ಕಳಾವರ್ ಎಕ್ಕ. ಎಲೆಯ ಮೂಲೆ ಎತ್ತಿ ನೋಡಿ ಹಾಗೇ ಮಡಗಿದೆ. ಮುಖದಲ್ಲಿ ಏನೂ ತೋರಿಸಬಾರದು ಅಂತ ನೀರಿನ ಬಾಟಲಿ ತೆಗೆದುಕೊಂಡೆ. ಮುಚ್ಚಳ ತಿರುಗಿಸುವಾಗ ಕೈ ನಡುಗುತ್ತಿತ್ತು. ಯಾರೂ ಗಮನಿಸಲಿಲ್ಲ ಅಂದುಕೊಂಡೆ.

ಪೋಕರ್ ಗೊತ್ತಿಲ್ಲದವರಿಗೆ ಎರಡು ಮಾತು. ಪ್ರತಿಯೊಬ್ಬರಿಗೂ ಗುಟ್ಟಾಗಿ ಎರಡೆರಡು ಎಲೆ. ನಡುವೆ ಎಲ್ಲರಿಗೂ ಸೇರಿ ಐದು ಎಲೆ. ಮೊದಲು ಮೂರು ತೆರೆಯುತ್ತಾರೆ, ಅದು ಫ್ಲಾಪ್. ಆಮೇಲೆ ಒಂದು, ಅದು ಟರ್ನ್. ಕಡೆಯದು ರಿವರ್. ನಡುನಡುವೆ ದುಡ್ಡು ಕಟ್ಟುತ್ತಾ ಹೋಗಬೇಕು, ಇಲ್ಲ ಎಲೆ ಬಿಸಾಕಿ ಸುಮ್ಮನೆ ಕೂರಬೇಕು. ಏಳರಲ್ಲಿ ಒಳ್ಳೆಯ ಐದು ಯಾರದೋ ದುಡ್ಡು ಅವರದು. ಆಟ ಇಷ್ಟೇ. ಕಷ್ಟ ಇರುವುದೆಲ್ಲ ಎಲೆ ಬಿಸಾಕುವುದರಲ್ಲಿ.

ಆವತ್ತು ನಾನು ಕಟ್ಟಿದೆ, ಮೇಷ್ಟ್ರು ಏರಿಸಿದರು, ನಾನು ಮತ್ತೆ ಏರಿಸಿದೆ. ಅವರು ಕನ್ನಡಕ ಸರಿ ಮಾಡಿಕೊಂಡು ಇದ್ದದ್ದನ್ನೆಲ್ಲ ಮುಂದಕ್ಕೆ ತಳ್ಳಿದರು. ನಾನೂ ತಳ್ಳಿದೆ. ಒಟ್ಟು 6,400 ರೂಪಾಯಿ. ನಮ್ಮ ಮಟ್ಟಕ್ಕೆ ಅದು ದೊಡ್ಡದು. ಎಲೆ ತಿರುಗಿಸಿದಾಗ ಅವರ ಹತ್ತಿರ ಇದ್ದದ್ದು ಎರಡು ರಾಜ. ಇಂಥ ಜೋಡಿ ಎದುರಾದರೆ ಎಕ್ಕ ಗೆಲ್ಲುವುದು ನೂರರಲ್ಲಿ ಸುಮಾರು 82 ಸಲ. ಫ್ಲಾಪ್‌ನಲ್ಲಿ ಒಂಬತ್ತು, ನಾಲ್ಕು, ಎರಡು. ಟರ್ನ್ ಏಳು. ಉಳಿದ 44 ಎಲೆಗಳಲ್ಲಿ ಅವರನ್ನು ಉಳಿಸುವುದು ಎರಡೇ ಎಲೆ, ಮಿಕ್ಕ ಎರಡು ರಾಜ. ನೂರಕ್ಕೆ ಐದರಷ್ಟೂ ಇಲ್ಲ.

ಡೈಮಂಡ್ ರಾಜ ಬಂದ.

ಮೊದಲು ಕಿವಿ ಬಿಸಿಯಾಯಿತು. ಹೊಟ್ಟೆಯಲ್ಲಿ ಏನೋ ಕೆಳಕ್ಕೆ ಜಾರಿದ ಹಾಗೆ. ಮೇಷ್ಟ್ರು ಪಾಪ, 'ಏನ್ ಮಾಡೋದು ಸಾರ್, ಬಂದ್‌ಬಿಡ್ತು' ಅಂದರು. ನಾನು 'ಅಯ್ಯೋ ಬಿಡಿ ಮೇಷ್ಟ್ರೇ, ಆಟ ಅಲ್ವಾ' ಅಂದು ನಕ್ಕೆ. ಆ ನಗು ನನಗೆ ದುಬಾರಿ ಬಿತ್ತು. ನಕ್ಕಿದ್ದರಿಂದ ನಾನು ಚೆನ್ನಾಗಿದ್ದೇನೆ ಅಂತ ನಾನೇ ನಂಬಿದೆ. ಮುಂದಿನ ಒಂದು ಗಂಟೆ ಎಂಟು, ಮೂರು ಬಂದರೂ ಬಿಡಲಿಲ್ಲ. ಇನ್ನೂ 4,000 ಹೋಯಿತು. ರಾಜ ತೆಗೆದುಕೊಂಡು ಹೋದದ್ದು ದುರದೃಷ್ಟ. ಈ ನಾಲ್ಕು ಸಾವಿರ ನನ್ನ ಕೈಯಾರೆ ಕೊಟ್ಟದ್ದು.

ಇದಕ್ಕೆ ಪೋಕರ್ ಆಡುವವರು ಟಿಲ್ಟ್ ಅನ್ನುತ್ತಾರೆ. ಪಿನ್‌ಬಾಲ್ ಯಂತ್ರದಿಂದ ಬಂದ ಪದ. ಚೆಂಡು ಬೇಡದ ಕಡೆ ಹೋಗುತ್ತಿದೆ ಅಂತ ಸಿಟ್ಟಿನಲ್ಲಿ ಯಂತ್ರವನ್ನೇ ಎತ್ತಿ ಅಲುಗಾಡಿಸಿದರೆ 'ಟಿಲ್ಟ್' ಅಂತ ದೀಪ ಹತ್ತಿ ಆಟ ನಿಂತುಹೋಗುತ್ತದಂತೆ. ನಮಗೆ ಆ ದೀಪ ಇಲ್ಲ. ನಮ್ಮ ಮೆಡಿಕಲ್ ಶಾಪ್‌ನವರು ಇದನ್ನು 'ಬಿಪಿ' ಅಂತಾರೆ. 'ಸಾರ್‌ಗೆ ಬಿಪಿ ಶುರುವಾಯ್ತು, ಈಗ ಅವರ ಮೇಲೆ ಕಟ್ಟಿ' ಅಂತ ಎದುರಿಗೇ ಹೇಳುತ್ತಿದ್ದರು.

ಆಟ ನಡೆಯುತ್ತಿದ್ದದ್ದು ಅವರ ಮನೆಯ ಮಹಡಿಯ ಮೇಲೆ, ತುಮಕೂರಿನ ಎಸ್‌.ಎಸ್‌. ಪುರಂನಲ್ಲಿ. ಐದು ಜನ. ಮೇಷ್ಟ್ರು, ಮೆಡಿಕಲ್‌ನವರು, ಎರಡು ಲಾರಿ ಇಟ್ಟುಕೊಂಡಿರುವ ಒಬ್ಬರು, ಅವರ ಭಾಮೈದ, ಮತ್ತೆ ನಾನು. ನಾನು ಆಡಿಟರ್ ಆಫೀಸಿನಲ್ಲಿ ಲೆಕ್ಕ ಬರೆಯುವವನು. ಅಭ್ಯಾಸಬಲ. ಪೋಕರಿಗೂ ಒಂದು ನೋಟ್‌ಬುಕ್ ಇಟ್ಟಿದ್ದೆ. ತಾರೀಖು, ಎಷ್ಟು ಗಂಟೆ, ಹಾಕಿದ್ದು, ತಂದದ್ದು. ಕೊನೆಗೊಂದು ಕಾಲಂ, 'ಮನಸ್ಸು'. ಅದರಲ್ಲಿ 'ಸಿಟ್ಟು', 'ನಿದ್ದೆಗಣ್ಣು', 'ಆರಾಮ' ಅಂತ ಒಂದೊಂದೇ ಮಾತು. ಒಂದು ಕಡೆ 'ಊಟ ರುಚಿಸಲಿಲ್ಲ' ಅಂತಿದೆ. ಇನ್ನೊಂದು ಕಡೆ ಬರೀ 'ಥೂ'.

ಹಳ್ಳಿಯಲ್ಲಿ ಯುಗಾದಿ ಜೂಜು ನೋಡಿಕೊಂಡೇ ಬೆಳೆದವನು ನಾನು. ಅರಳಿಕಟ್ಟೆಯಲ್ಲಿ ಚಾಪೆ ಹಾಸಿ ಅಂದರ್ ಬಾಹರ್. ಆದರೆ ಅದು ವರ್ಷಕ್ಕೆ ಎರಡು ದಿನ. ನನ್ನನ್ನು ಹಿಡಿದು ಕೂರಿಸಿದ್ದು 2020ರ ಲಾಕ್‌ಡೌನ್. ಮಹಡಿ ಆಟ ನಿಂತಿತ್ತು. ಒಂದು ಆಪ್ ಹಾಕಿಕೊಂಡೆ. ಅಲ್ಲಿ ಎಲೆ ಕಲೆಸುವ ಮೇಷ್ಟ್ರಿಲ್ಲ. ಮೂರು ಟೇಬಲ್ ಒಟ್ಟಿಗೆ ತೆರೆದು ಕೂತರೆ ಗಂಟೆಗೆ ನೂರೈವತ್ತು ಸಲ ಎಲೆ. ಶನಿವಾರ ಒಂದು ರಾತ್ರಿಯಲ್ಲಿ ಆಗುತ್ತಿದ್ದ ಖುಷಿ, ಉರಿ, ಹೆದರಿಕೆ ಎಲ್ಲ ನಲವತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಮುಗಿದು ಮತ್ತೆ ಶುರುವಾಗುತ್ತಿತ್ತು.

2021ರ ಅಕ್ಟೋಬರ್‌ನಲ್ಲಿ ನಮ್ಮ ಸರ್ಕಾರ ಪೊಲೀಸ್ ಕಾಯ್ದೆ ತಿದ್ದಿ ಆನ್‌ಲೈನ್ ಬಾಜಿ ನಿಲ್ಲಿಸಿತು. ನಿಮ್ಮ ರಾಜ್ಯದಲ್ಲಿ ಆಡುವಂತಿಲ್ಲ ಅಂತ ಆಪ್ ತೋರಿಸಿದಾಗ ಒಳಗೊಳಗೇ ನಿರಾಳವಾಯಿತು, ನಿಜ ಹೇಳುತ್ತೇನೆ. 2022ರ ಫೆಬ್ರುವರಿ 14ಕ್ಕೆ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿತು. ಆವತ್ತು ಪ್ರೇಮಿಗಳ ದಿನ. ಹೆಂಡತಿಗೆ ಏನೂ ತರಲಿಲ್ಲ. ಆಪ್ ಮತ್ತೆ ತೆರೆಯಿತಾ ಅಂತ ಆವತ್ತಿನಿಂದಲೇ ದಿನಾ ನೋಡತೊಡಗಿದೆ.

ಒಂದು ತಿಂಗಳ ನಂತರ ಒಂದೇ ರಾತ್ರಿ 38,000 ಗೆದ್ದೆ.

ಸೋಲಿನ ಬಗ್ಗೆ ಎಲ್ಲರೂ ಹೇಳುತ್ತಾರೆ. ಆ ಗೆಲುವಿನ ಬಗ್ಗೆ ಸ್ವಲ್ಪ ಹೇಳಬೇಕು. ಅದು ದುಡ್ಡಿನ ಖುಷಿ ಅಲ್ಲ. ಮುಟ್ಟಿದ್ದೆಲ್ಲ ಸರಿಯಾಗುತ್ತಿತ್ತು. ಎದುರಿನವನು ಸುಳ್ಳು ಕಟ್ಟುತ್ತಿದ್ದಾನೆ ಅಂದುಕೊಂಡರೆ ಸುಳ್ಳೇ ಇರುತ್ತಿತ್ತು. ಒಂದು ಸಲ ಬರೀ ಒಂದು ಜೊತೆ ಆರು ಇಟ್ಟುಕೊಂಡು ಒಂಬತ್ತು ಸಾವಿರ ಗೆದ್ದೆ. ಬೆಳಗಿನ ಜಾವ ನಾಲ್ಕೂವರೆಗೆ ಫೋನ್ ಇಟ್ಟೆ. ಮಲಗಲು ಆಗಲಿಲ್ಲ. ಆರು ಗಂಟೆಗೆ ಸ್ಕೂಟರ್ ತೆಗೆದು ಬಟವಾಡಿಯಿಂದ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದೆ. ಎರಡು ತಿನ್ನುವವನು ನಾಲ್ಕು ತಿಂದೆ. ಬಡಿಸುವ ಹುಡುಗನಿಗೆ ಐವತ್ತು ರೂಪಾಯಿ ಕೊಟ್ಟೆ. ಅವನು ಚಿಲ್ಲರೆ ತರಲು ಹೊರಟ, 'ಇರ್ಲಿ ಇಟ್ಕೊಳಪ್ಪ' ಅಂದೆ. ಮನೆಗೆ ಪಾರ್ಸಲ್ ತಂದೆ. ಫ್ರಿಜ್ ಬದಲಾಯಿಸೋಣ ಅಂದೆ.

ಹೆಂಡತಿ ಪೊಟ್ಟಣ ಬಿಚ್ಚುತ್ತಾ, 'ಎಷ್ಟು ಗೆದ್ರಿ?' ಅಂದಳು. ನಾನು ಹೇಳಿರಲೇ ಇಲ್ಲ.

'ರೀ, ನೀವು ಸೋತ ದಿನ ಬಂದು ಗೋಡೆ ಕಡೆ ತಿರುಗಿ ಮಲಗ್ತೀರಾ. ನಂಗೆ ಅದರದ್ದು ಚಿಂತೆ ಇಲ್ಲ. ಗೆದ್ದ ದಿನ ನಿದ್ದೆ ಮಾಡಲ್ಲ ನೋಡಿ, ಅದಕ್ಕೆ ನಂಗೆ ಭಯ.'

ಸರಿಯಾಗಿ ಒಂಬತ್ತು ದಿನ. ಅದೇ ಟೇಬಲ್‌ಗಳಲ್ಲಿ ಕೂತಿದ್ದರೆ 38,000 ಕಳೆಯಲು ತಿಂಗಳುಗಟ್ಟಲೆ ಬೇಕಾಗುತ್ತಿತ್ತು. ನಾನು ಐದು ಪಟ್ಟು ದೊಡ್ಡ ಟೇಬಲ್‌ಗೆ ಹೋದೆ. ಯಾಕೆ? ನಾನು ಬುದ್ಧಿವಂತ, ಅದಕ್ಕೆ. ಅಲ್ಲಿ ಕೂತವರಿಗೆ ನಾನು ಬುದ್ಧಿವಂತ ಅಂತ ಗೊತ್ತಿರಲಿಲ್ಲ. ಕೊನೆಯ ಎರಡು ದಿನ ಚೀಟಿ ಕಟ್ಟಲು ಇಟ್ಟಿದ್ದ 5,000ವೂ ಹೋಯಿತು. ಚೀಟಿಯವರಿಗೆ ಬ್ಯಾಂಕ್ ಸರ್ವರ್ ಡೌನ್ ಅಂತ ಸುಳ್ಳು ಹೇಳಿದೆ. ದಿನವಿಡೀ ಬ್ಯಾಂಕ್ ಸ್ಟೇಟ್‌ಮೆಂಟ್ ಟ್ಯಾಲಿ ಮಾಡುವವನು ಹೇಳಬಹುದಾದ ಅತಿ ಕೆಟ್ಟ ಸುಳ್ಳು ಅದು.

ಆ ಯುಗಾದಿಗೆ ತಿಪಟೂರು ಕಡೆ ನಮ್ಮೂರಿಗೆ ಹೋದೆ. ಇಲ್ಲಿ ಬೇವು-ಬೆಲ್ಲ ಅಂತ ಏನೋ ಹೇಳುತ್ತೇನೆ ಅಂದುಕೊಂಡಿದ್ದರೆ, ಇಲ್ಲ. ಅಟ್ಟದ ಬಗ್ಗೆ ಹೇಳುತ್ತೇನೆ. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು, ಹನ್ನೊಂದು ತಿಂಗಳು ಹಾಗೇ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪು ಬಿಟ್ಟುಕೊಳ್ಳಬೇಕು. ಅವ್ವ ಏಣಿ ಹತ್ತಿ ಒಂದೊಂದೇ ಕಾಯಿ ಕಿವಿಗೆ ಹಿಡಿದು ಅಲ್ಲಾಡಿಸುತ್ತಾಳೆ. ಲೊಟಕ್ ಅಂದರೆ ಇನ್ನೂ ನೀರಿದೆ. ಗಡಗಡ ಅಂದರೆ ಗಿಟುಕು, ಅಂದರೆ ಉಂಡೆ ಕೊಬ್ಬರಿ, ಆಗಿದೆ. ನಾನು ಕೆಳಗೆ ನಿಂತು, 'ಈ ಸಲ ಎಷ್ಟು ಕ್ವಿಂಟಲ್ ಆಗಬಹುದವ್ವಾ? ಇವತ್ತಿನ ರೇಟಿಗೆ ಹಾಕಿದರೆ...' ಅಂತ ಫೋನಿನಲ್ಲಿ ಲೆಕ್ಕ ಹಾಕಲು ಶುರು ಮಾಡಿದೆ.

'ಅಟ್ಟದ ಮ್ಯಾಲಿರೋದು ದುಡ್ಡಲ್ಲ ಮಗಾ, ಕಾಯಿ' ಅಂದಳು. ಅಂದು ಇನ್ನೊಂದು ಕಾಯಿ ಎತ್ತಿಕೊಂಡಳು.

ಮುಂದಿನ ವರ್ಷ ಅವಳ ಮಾತು ನಿಜವಾಯಿತು. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750. ತಿಪಟೂರು ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದಿತ್ತು. ಅವ್ವ ಮೂರು ದಿನ ಎಲ್ಲರನ್ನೂ ಬೈದಳು. ನಾಲ್ಕನೆಯ ದಿನ ಖರ್ಚಿಗೆ ಬೇಕಾದಷ್ಟು ಮಾರಿ, ಉಳಿದದ್ದನ್ನು ಅಲ್ಲೇ ಬಿಟ್ಟಳು. 2025ರಲ್ಲಿ ಬೆಲೆ ಇಪ್ಪತ್ತು ಸಾವಿರ ದಾಟಿದಾಗಲೂ ಅಷ್ಟೇ. ಫೋನ್ ಮಾಡಿದರೆ, 'ಹೂಂ, ಏರದೆ ಕಣಪ್ಪ. ಉಂಡ್ಯಾ?' ನನಗೋ ಹೊಟ್ಟೆಯಲ್ಲಿ ಚಿಟ್ಟೆ ಬಿಟ್ಟ ಹಾಗಾಗಿ ತೋಟಕ್ಕೆ ಇನ್ನೆರಡು ಎಕರೆ ಸೇರಿಸುವ ಲೆಕ್ಕ ಶುರುವಾಗಿತ್ತು.

ಇಬ್ಬರು ಹೆಂಗಸರು ಹೇಳಿದ್ದು ತಲೆಯಲ್ಲಿ ಕೂತು, ಒಂದು ಭಾನುವಾರ ನೋಟ್‌ಬುಕ್ ತೆಗೆದೆ. ಗೆದ್ದ ಬೆನ್ನಿಗೇ ಆಡಿದ ಆಟಗಳನ್ನು ಬೇರೆ ಮಾಡಿದೆ. 31 ಇದ್ದವು. ಅದರಲ್ಲಿ 24 ಸೋಲು. ಸೋತ ಬೆನ್ನಿಗೆ ಆಡಿದ್ದು 58. ಅಲ್ಲಿ ಗೆಲುವು ಸೋಲು ಹತ್ತಿರಹತ್ತಿರ ಸಮ. ಎರಡು ಸಲ ಕೂಡಿ ನೋಡಿದೆ, ತಪ್ಪಿರಲಿಲ್ಲ.

ಎಲೆಗಳಿಗೆ ನಾನು ನಿನ್ನೆ ಗೆದ್ದದ್ದು ಗೊತ್ತಿರುವುದಿಲ್ಲ. ನನಗೆ ಗೊತ್ತಿರುತ್ತದೆ. ಸಿಟ್ಟು ಬಂದರೆ ಕಿವಿ ಬಿಸಿಯಾಗುತ್ತದೆ, ಮೆಡಿಕಲ್‌ನವರು ಬಿಪಿ ಅಂತಾರೆ, ಜೇಬು ಖಾಲಿಯಾಗಿ ಎದ್ದು ಬರುತ್ತೇನೆ. ಸಿಟ್ಟಿಗೆ ಜೇಬಿನಷ್ಟೇ ಆಳ. ಖುಷಿ ಹಾಗಲ್ಲ. ಬೀರುವಿನ ಬಾಗಿಲು ತೆಗೆಸುತ್ತದೆ, ಚೀಟಿ ದುಡ್ಡು ತೆಗೆಸುತ್ತದೆ. ಅದೂ ಟಿಲ್ಟೇ. ಆ ಕಾಲಂನಲ್ಲಿ ಆ 31ರ ಎದುರು ನಾನು ಬರೆದಿದ್ದದ್ದು ಹೆಚ್ಚಾಗಿ ಒಂದೇ ಪದ: 'ಆರಾಮ'.

ಅಲ್ಲಿಂದಾಚೆಗಿನದ್ದು ಬೇಗ ಹೇಳಿ ಮುಗಿಸುತ್ತೇನೆ. 2023ರ ಏಪ್ರಿಲ್‌ನಿಂದ ನಿವ್ವಳ ಗೆಲುವಿಗೆ 30 ಪರ್ಸೆಂಟ್ ಟಿಡಿಎಸ್ ಬಂತು. ಅಕ್ಟೋಬರ್‌ನಿಂದ ಹಾಕುವ ದುಡ್ಡಿಗೇ 28 ಪರ್ಸೆಂಟ್ ಜಿಎಸ್‌ಟಿ. ಪ್ರತಿ ಪಾಟ್‌ನಲ್ಲಿ, ಅಂದರೆ ಎಲ್ಲರೂ ಕಟ್ಟಿ ನಡುವೆ ಕೂಡಿದ ದುಡ್ಡಿನಲ್ಲಿ, ಆಪ್ ಹಿಡಿದುಕೊಳ್ಳುವ ಪಾಲು ಬೇರೆ. ಆಫೀಸಿನಲ್ಲಿ ಬೇರೆಯವರ ತೆರಿಗೆ ಲೆಕ್ಕ ಹಾಕುವ ನಾನು ನನ್ನ ಲೆಕ್ಕ ಹಾಕಲು ಎರಡು ವರ್ಷ ತೆಗೆದುಕೊಂಡೆ. ಐದು ವರ್ಷದಲ್ಲಿ ಆಪ್‌ಗೆ ಕೊಟ್ಟದ್ದು 1,12,000 ರೂಪಾಯಿ. ಮಹಡಿ ಆಟದಲ್ಲಿ 18,000. 2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡಿನ ಆನ್‌ಲೈನ್ ಆಟವನ್ನೆಲ್ಲ ನಿಷೇಧಿಸಿತು. ಆಪ್‌ನಲ್ಲಿ ಉಳಿದಿದ್ದ 3,212 ರೂಪಾಯಿ ವಾಪಸ್ ಬಂತು. ಅದರಲ್ಲಿ ಮಿಕ್ಸಿ ಜಾರ್ ತಂದೆವು. ನಾನೇ ಬಿಟ್ಟೆ ಅಂತ ಹೇಳಿಕೊಳ್ಳಲು ಆಸೆ. ಬಿಟ್ಟದ್ದಲ್ಲ, ಬಾಗಿಲು ಹಾಕಿದರು.

ಮಹಡಿ ಆಟವೂ ಅದೇ ತಿಂಗಳು ದುಡ್ಡು ಬಿಟ್ಟಿತು. ಮೇಷ್ಟ್ರ ಮಗಳು ಡಿಗ್ರಿ ಮುಗಿಸಿ ಮನೆಗೆ ಬಂದು ಅಪ್ಪನನ್ನು ಎದುರು ಕೂರಿಸಿಕೊಂಡು ಏನು ಹೇಳಿದಳೋ, ಅವರು ಮುಂದಿನ ಶನಿವಾರ ಒಂದು ಚೀಲ ಹುಣಸೆಬೀಜ ತಂದರು. ತೊಳೆದು ಒಣಗಿಸಿದ್ದು. 'ಇನ್ಮೇಲೆ ಇದು. ತಲಾ ಇನ್ನೂರು ಬೀಜ. ಇಷ್ಟ ಇದ್ದೋರು ಕೂತ್ಕೊಳ್ಳಿ.' ಲಾರಿಯವರು ನಗುತ್ತಾ ಎದ್ದು ಹೋದರು. ಎರಡು ವಾರ ಬಿಟ್ಟು ವಾಪಸ್ ಬಂದರು.

ಹೋದ ಶನಿವಾರ ನನಗೆ ಎರಡು ರಾಣಿ. ಮೇಷ್ಟ್ರು ಕನ್ನಡಕ ಸರಿ ಮಾಡಿಕೊಂಡು ಬೀಜದ ರಾಶಿಯನ್ನೇ ಮುಂದಕ್ಕೆ ತಳ್ಳಿದರು. ಬಾಟಲಿ ಮುಚ್ಚಳ ತಿರುಗಿಸುವಾಗ ನನ್ನ ಕೈ ನೋಡಿದೆ. ನಡುಗುತ್ತಿತ್ತು. ಹುಣಸೆಬೀಜಕ್ಕೆ! ಈ ಸಲ ರಿವರ್ ನನ್ನ ಕಡೆ ಬಂತು. ಆ ರಾತ್ರಿ ಒಟ್ಟು ನೂರಿಪ್ಪತ್ತು ಬೀಜ ಗೆದ್ದೆ. ಬಿ.ಎಚ್‌. ರಸ್ತೆಯಲ್ಲಿ ಗಾಡಿ ಓಡಿಸುವಾಗ ಜೇಬಿನಲ್ಲಿ ಗಡಗಡ ಸದ್ದು.

ಹೆಂಡತಿ ಬಾಗಿಲು ತೆಗೆದು, 'ಎಷ್ಟು?' ಅಂದಳು.

'ನೂರಿಪ್ಪತ್ತು.'

'ಗೆಲುವಾ, ಸೋಲಾ?'

'ಗೆಲುವು.'

ಅವಳು ಏನೂ ಹೇಳದೆ ಲೈಟ್ ಆರಿಸಿದಳು. ಎರಡು ಗಂಟೆಯವರೆಗೂ ನನಗೆ ನಿದ್ದೆ ಬರಲಿಲ್ಲ. ಪಕ್ಕದಲ್ಲಿ ಅವಳೂ ಎಚ್ಚರವಾಗಿದ್ದಳು ಅನ್ನಿಸುತ್ತದೆ.