ಅರ್ಜಿ ಓದುವವರಿಲ್ಲದ ಕಡೆ ಕೋಡೇ ಮಾತಾಡಬೇಕು: ಮೆಡಿಕಲ್ ಸೀಟು ಮತ್ತು ಮಲೆನಾಡು

ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೆಡಿಕಲ್ ಸೀಟು ಹಂಚಿಕೆಯ ಪಟ್ಟಿಯಲ್ಲಿ ಪ್ರತಿ ಸೀಟಿಗೂ ಒಂದು ಕೋಡು ಇರುತ್ತದೆ. ಜಿಎಂ, ಜಿಎಂಆರ್, 2ಎಜಿ, 3ಬಿಆರ್, ಎಸ್‌ಸಿಕೆ ಹೀಗೆ. ಮೊದಲ ಭಾಗ ಮೀಸಲಾತಿ ವರ್ಗ, ಜಿಎಂ ಎಂದರೆ ಸಾಮಾನ್ಯ ವರ್ಗ. ಕೊನೆಯಲ್ಲಿ ‘ಜಿ’ ಇದ್ದರೆ ಆ ವರ್ಗದ ಸಾಮಾನ್ಯ ಸೀಟು, ‘ಆರ್’ ಇದ್ದರೆ ಗ್ರಾಮೀಣ, ‘ಕೆ’ ಇದ್ದರೆ ಕನ್ನಡ ಮಾಧ್ಯಮ. ಯಾವ ಮನೆಯ, ಯಾವ ಊರಿನ, ಯಾವ ಶಾಲೆಯ ಮಗು ಡಾಕ್ಟರಾಗುತ್ತದೆ ಎಂಬುದರಲ್ಲಿ ನೀಟ್ ರ‍್ಯಾಂಕ್ ಬಿಟ್ಟರೆ ಬೇರೆ ಯಾವುದಕ್ಕಾದರೂ ದನಿ ಇದೆ ಎಂದಾದರೆ ಅದು ಈ ಎರಡು ಮೂರು ಅಕ್ಷರಗಳಿಗೆ ಮಾತ್ರ.

ಅಮೆರಿಕದ ಮೆಡಿಕಲ್ ಕಾಲೇಜುಗಳ ಕ್ರಮ ಬೇರೆ. ಅಲ್ಲಿ ಅರ್ಜಿಯ ಜೊತೆ ಪ್ರಬಂಧ ಬರೆಯಬೇಕು, ಶಿಫಾರಸು ಪತ್ರ ಕೊಡಬೇಕು, ಸಂದರ್ಶನಕ್ಕೆ ಹೋಗಬೇಕು. ಅದನ್ನು ಓದಲು ಒಂದು ಸಮಿತಿ ಕೂರುತ್ತದೆ. ಜನಾಂಗೀಯ ವೈವಿಧ್ಯದ ಮೇಲೆ ಅಲ್ಲಿ ಹುಟ್ಟಿದ ದೊಡ್ಡ ವ್ಯಾಜ್ಯ ಕೂಡ ಮೆಡಿಕಲ್ ಕಾಲೇಜಿನದ್ದೇ. ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 100 ಸೀಟಿನಲ್ಲಿ 16 ಸೀಟನ್ನು ಅಲ್ಪಸಂಖ್ಯಾತ ಸಮುದಾಯಗಳಿಗೆ ತೆಗೆದಿಟ್ಟಿತ್ತು. 1978ರ ಬಕ್ಕೆ ತೀರ್ಪಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಕೋಟಾವನ್ನು ರದ್ದು ಮಾಡಿ, ತರಗತಿಯ ವೈವಿಧ್ಯಕ್ಕಾಗಿ ಜನಾಂಗವನ್ನು ಹಲವು ಅಂಶಗಳಲ್ಲಿ ಒಂದಾಗಿ ನೋಡಬಹುದು ಎಂದಿತು. 2023ರ ಜೂನ್‌ನಲ್ಲಿ ಹಾರ್ವರ್ಡ್ ಪ್ರಕರಣದಲ್ಲಿ ಆ ದಾರಿಯೂ ಮುಚ್ಚಿತು.

ನಮ್ಮಲ್ಲಿ ಈ ಚರ್ಚೆ ಇನ್ನೂ ಹಳೆಯದು, ಅದೂ ನಮ್ಮದೇ ರಾಜ್ಯದ್ದು. ಸರ್ಕಾರಿ ನೌಕರಿಯಲ್ಲಿ ಹಿಂದುಳಿದ ಸಮುದಾಯಗಳ ಪಾಲನ್ನು ನೋಡಲು ಮೈಸೂರು ಮಹಾರಾಜರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. 1962ರ ಜುಲೈನಲ್ಲಿ ಮೈಸೂರು ಸರ್ಕಾರ ಮೆಡಿಕಲ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ 68% ಸೀಟು ಮೀಸಲಿಟ್ಟಿತು: ಹಿಂದುಳಿದವರಿಗೆ 28, ಅತಿ ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗೆ 15, ಪರಿಶಿಷ್ಟ ಪಂಗಡಕ್ಕೆ 3. ಅದೇ ವರ್ಷ ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ಬದಿಗೊತ್ತಿತು. ಮೀಸಲಾತಿ ಅರ್ಧ ದಾಟಬಾರದು ಎಂಬ ಮಾತು ದೇಶಕ್ಕೆ ಬಂದದ್ದು ಈ ಮೈಸೂರು ವ್ಯಾಜ್ಯದಿಂದ. 1964ರ ಚಿತ್ರಲೇಖಾ ಪ್ರಕರಣವೂ ನಮ್ಮದೇ, ಅದು ಸಂದರ್ಶನಕ್ಕೆ ಕೊಡುತ್ತಿದ್ದ ಅಂಕಗಳ ಕುರಿತದ್ದು. ಹಾಗೆಂದರೆ ಒಂದು ಕಾಲಕ್ಕೆ ಇಲ್ಲಿಯೂ ಅಭ್ಯರ್ಥಿಯನ್ನು ಎದುರಿಗೆ ಕೂರಿಸಿಕೊಂಡು ನೋಡುತ್ತಿದ್ದರು. ಈಗ ಅದಿಲ್ಲ. ಆ ಸಂದರ್ಶನ ಮರಳಿ ಬರಲಿ ಎಂದು ನಾನು ಹೇಳುವುದಿಲ್ಲ. ಪರಿಚಯ, ಪ್ರಭಾವ ಇದ್ದವರಿಗೆ ಅದು ಸುಲಭದ ಬಾಗಿಲು. ಆದರೆ ಅರ್ಜಿಯನ್ನು ಯಾರೂ ಓದದ ಪದ್ಧತಿಯಲ್ಲಿ ಕೋಡು ತಪ್ಪಾದರೆ ತಿದ್ದುವವರೂ ಇರುವುದಿಲ್ಲ.

ಲೆಕ್ಕ ನೋಡೋಣ. 150 ಸೀಟಿನ ಒಂದು ಸರ್ಕಾರಿ ಕಾಲೇಜು ಎಂದಿಟ್ಟುಕೊಳ್ಳಿ. 15% ಅಖಿಲ ಭಾರತ ಕೋಟಾಕ್ಕೆ ಹೋದರೆ ಉಳಿಯುವುದು 127 ಅಥವಾ 128. ಸಂವಿಧಾನದ 371(ಜೆ) ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದವರಿಗೆ ಹೊರಗಿನ ಜಿಲ್ಲೆಗಳ ಕಾಲೇಜುಗಳಲ್ಲಿ 8%, ಅಂದರೆ ಸುಮಾರು 10 ಸೀಟು. ಉಳಿದ 117ರ ಆಸುಪಾಸಿನಲ್ಲಿ ಎಸ್‌ಸಿ 17%, ಎಸ್‌ಟಿ 7% (2022ರವರೆಗೆ ಇದು 15 ಮತ್ತು 3 ಇತ್ತು), ಪ್ರವರ್ಗ-1ಕ್ಕೆ 4, 2ಎಗೆ 15, 2ಬಿಗೆ 4, 3ಎಗೆ 4, 3ಬಿಗೆ 5. ಹೀಗೆ ನೋಡಿದರೆ 2ಎಗೆ 17 ಅಥವಾ 18 ಸೀಟು. ಅದರೊಳಗೆ ಗ್ರಾಮೀಣ 15% ಎಂದರೆ ಎರಡು ಮೂರು ಸೀಟು. ಕನ್ನಡ ಮಾಧ್ಯಮ 5% ಎಂದರೆ ಒಂದೇ ಒಂದು. ಸಾಮಾನ್ಯ ವರ್ಗದ 51ರಲ್ಲಿ ಗ್ರಾಮೀಣ ಏಳೆಂಟು, ಕನ್ನಡ ಮಾಧ್ಯಮ ಎರಡು ಮೂರು. ಅಂಗವಿಕಲರು, ಸೈನಿಕರ ಮಕ್ಕಳು, ಕ್ರೀಡೆ ಮೊದಲಾದ ವಿಶೇಷ ಕೋಟಾ ತೆಗೆದರೆ ಮತ್ತು ರೋಸ್ಟರ್ (ಸೀಟುಗಳನ್ನು ವರ್ಗವಾರು ಹಂಚುವ ಸರದಿ ಪಟ್ಟಿ) ಹಿಡಿದರೆ ಒಂದೆರಡು ಆಚೀಚೆ ಆಗುತ್ತದೆ.

ಈ ಲೆಕ್ಕದಲ್ಲಿ ಶಿವಮೊಗ್ಗಕ್ಕೆಂದು, ಮಲೆನಾಡಿಗೆಂದು ಒಂದು ಸೀಟೂ ಇಲ್ಲ ಎಂಬುದನ್ನು ಗಮನಿಸಿ. ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಮನೆ ಪಕ್ಕದಲ್ಲೇ ಇದ್ದರೂ ಜಿಲ್ಲೆಯ ಕೋಟಾ ಎಂಬುದಿಲ್ಲ. ಹೊಸನಗರದ ಅಥವಾ ಶೃಂಗೇರಿಯ ಹಳ್ಳಿಯ ಮಗುವಿಗೆ ತನ್ನ ಊರಿನ ಕಾರಣಕ್ಕೆ ಸಿಗುವ ಅವಕಾಶ ‘ಆರ್’ ಮತ್ತು ‘ಕೆ’ ಎರಡೇ. ಹಾಗಾಗಿ ಈ ಎರಡು ಅಕ್ಷರ ಕೈತಪ್ಪುವ ಬಗೆಯನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಗ್ರಾಮೀಣ ಎಂದರೆ ಮನೆ ಹಳ್ಳಿಯಲ್ಲಿರುವುದಲ್ಲ, ಶಾಲೆ ಹಳ್ಳಿಯಲ್ಲಿರುವುದು. ಒಂದರಿಂದ ಹತ್ತನೇ ತರಗತಿಯವರೆಗೆ ಹತ್ತು ಪೂರ್ಣ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಒಂಬತ್ತು ವರ್ಷ ಓದಿದರೂ ಇಲ್ಲ. ಮಹಾನಗರ ಪಾಲಿಕೆ, ನಗರಸಭೆ, ಪುರಸಭೆ ಮಾತ್ರವಲ್ಲ, ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಶಾಲೆಯೂ ಹೊರಗೆ. ಮಲೆನಾಡಿನ ಮಕ್ಕಳು ಎಡವುವುದು ಇಲ್ಲಿಯೇ. ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಶೃಂಗೇರಿ ನಮ್ಮ ಕಣ್ಣಿಗೆ ದೊಡ್ಡ ಹಳ್ಳಿಯಂತೆ ಕಂಡರೂ ಕಾನೂನಿನ ಕಣ್ಣಿಗೆ ಪಟ್ಟಣಗಳು. ಏಳನೇ ತರಗತಿವರೆಗೆ ಊರ ಶಾಲೆ, ಆಮೇಲೆ ಬಸ್ಸು ಹಿಡಿದು ಪೇಟೆಯ ಹೈಸ್ಕೂಲು ಎಂಬುದು ಇಲ್ಲಿನ ರೂಢಿ. ಮಳೆಗಾಲದಲ್ಲಿ ಹಳ್ಳ ದಾಟಿಸುವುದು ಕಷ್ಟವೆಂದು ಮಗುವನ್ನು ಒಂದು ವರ್ಷ ಸಾಗರದ ನೆಂಟರ ಮನೆಯಲ್ಲಿ ಬಿಟ್ಟು ಓದಿಸುವವರಿದ್ದಾರೆ. ಆ ಒಂದು ವರ್ಷಕ್ಕೆ ‘ಆರ್’ ಹೋಯಿತು. ಹಾಗೆ ಪೇಟೆಗೆ ಕಳಿಸಬೇಡಿ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ, ಮಕ್ಕಳಿಲ್ಲದೆ ಮುಚ್ಚಿದ ಶಾಲೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಆದರೆ ಪೇಟೆಯ ಗಡಿಯಿಂದ ಎರಡು ಕಿಲೋಮೀಟರ್ ಆಚೆ, ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಒಂದು ಹೈಸ್ಕೂಲು ಇದ್ದರೆ ಅದನ್ನೂ ಒಮ್ಮೆ ನೋಡಿ ಬನ್ನಿ.

ಕನ್ನಡ ಮಾಧ್ಯಮಕ್ಕೂ ಹತ್ತು ವರ್ಷವೇ. ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಬರೆದು ಇಂಗ್ಲಿಷ್ ಮಾಧ್ಯಮದ ವಸತಿ ಶಾಲೆಗೆ ಸೇರಿದ ಜಾಣ ಮಕ್ಕಳಿಗೆ ‘ಕೆ’ ಸಿಗುವುದಿಲ್ಲ, ‘ಆರ್’ ಸಿಗಬಹುದು. ಊರ ಸರ್ಕಾರಿ ಶಾಲೆಯಲ್ಲೇ ಇಂಗ್ಲಿಷ್ ವಿಭಾಗ ತೆರೆದಿದ್ದರೆ ಮಗು ಯಾವ ವಿಭಾಗದಲ್ಲಿ ದಾಖಲಾಗಿದೆ ಎಂಬುದನ್ನು ದಾಖಲಾತಿ ಪುಸ್ತಕದಲ್ಲೇ ನೋಡಬೇಕು.

ಎರಡಕ್ಕೂ ಬೇಕಾದದ್ದು ವ್ಯಾಸಂಗ ಪ್ರಮಾಣ ಪತ್ರ, ಹೆಡ್‌ಮಾಸ್ಟರ ಸಹಿ, ಅದರ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ. ಓದಿದ ಶಾಲೆಗಳು ಎರಡು ತಾಲ್ಲೂಕಿನಲ್ಲಿದ್ದರೆ ಎರಡೂ ಕಡೆಯ ಬಿಇಒ ಸಹಿ ಬೇಕು. ಶಾಲೆ ಮುಚ್ಚಿದ್ದರೆ ಅದರ ಪುಸ್ತಕ ಹತ್ತಿರದ ಶಾಲೆಗೋ ಬಿಇಒ ಕಚೇರಿಗೋ ಹೋಗಿರುತ್ತದೆ, ಹುಡುಕಿಸಲು ದಿನ ಹಿಡಿಯುತ್ತದೆ. ಸಾಮಾನ್ಯ ವರ್ಗದವರು ಗ್ರಾಮೀಣ ಸೀಟು ಕೇಳುವುದಾದರೆ ಮೇಲುಸ್ತರಕ್ಕೆ (ಕ್ರೀಮಿ ಲೇಯರ್) ಸೇರಿಲ್ಲ ಎಂಬ ಪತ್ರವನ್ನು ತಹಶೀಲ್ದಾರರಿಂದ ಬೇರೆಯಾಗಿ ಮಾಡಿಸಬೇಕು. ಇದು ಬಹಳ ಜನರಿಗೆ ತಿಳಿಯುವುದು ದಾಖಲೆ ಪರಿಶೀಲನೆಯ ದಿನ. ಕೆಇಎ ಅರ್ಜಿ ತೆರೆಯುವುದು ಸಾಮಾನ್ಯವಾಗಿ ಜನವರಿ, ಫೆಬ್ರವರಿಯಲ್ಲಿ, ಅಡಿಕೆ ಕೊಯ್ಲಿನ ಭರಾಟೆ ಇನ್ನೂ ಮುಗಿಯದ ಹೊತ್ತಿನಲ್ಲಿ. ಎಸ್‌ಎಸ್‌ಎಲ್‌ಸಿ ಮುಗಿಸಿ ಟಿಸಿ ತರಲು ಹೋದ ದಿನವೇ ಈ ಪತ್ರವನ್ನೂ ಬರೆಸಿಕೊಂಡು ಬಂದರೆ ಎರಡು ವರ್ಷ ನೆಮ್ಮದಿ.

ಜಾತಿ ಪತ್ರ ನಾಡಕಚೇರಿಯಲ್ಲಿ ಆಗುತ್ತದೆ. ಎಸ್‌ಸಿ, ಎಸ್‌ಟಿಗೆ ನಮೂನೆ ಡಿ, ಪ್ರವರ್ಗ-1ಕ್ಕೆ ಇ, 2ಎ, 2ಬಿ, 3ಎ, 3ಬಿಗೆ ಎಫ್. ಮೊದಲ ಎರಡಕ್ಕೆ ಆದಾಯದ ಮಿತಿ ಅಡ್ಡಬರುವುದಿಲ್ಲ. ನಮೂನೆ ಎಫ್ ಆದಾಯದ ಜೊತೆ ಬರುತ್ತದೆ, ಮಿತಿ 8 ಲಕ್ಷ ರೂಪಾಯಿ, ಐದು ವರ್ಷಕ್ಕೆ ಹಳತಾಗುತ್ತದೆ. ಎಂಟನೇ ತರಗತಿಯಲ್ಲಿ ಸ್ಕಾಲರ್‌ಶಿಪ್‌ಗೆಂದು ಮಾಡಿಸಿದ ಪತ್ರ ದ್ವಿತೀಯ ಪಿಯು ಮುಗಿಯುವ ಹೊತ್ತಿಗೆ ಅಂಚಿಗೆ ಬಂದಿರುತ್ತದೆ, ದಿನಾಂಕ ನೋಡಿ. ಪತ್ರದ ಮೇಲಿರುವ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ತುಂಬಿದ ಕೂಡಲೇ ಮಾಹಿತಿ ನೇರವಾಗಿ ಕಂಪ್ಯೂಟರಿನಿಂದ ಬರುತ್ತದೆ. ಅದರಲ್ಲಿರುವ ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರಿನ ಜೊತೆ ಹೊಂದದಿದ್ದರೆ ಅಲ್ಲಿಗೇ ನಿಲ್ಲುತ್ತದೆ.

ಮಲೆನಾಡಿನಲ್ಲಿ ಇದರ ಜೊತೆ ಜಾತಿಯ ಹೆಸರಿನದೇ ತೊಡಕಿದೆ. ದೀವರು, ಈಡಿಗ, ಹಳೆಪೈಕ, ನಾಮಧಾರಿ ಎಂದು ಒಂದೇ ಮನೆಯ ಅಣ್ಣ ತಮ್ಮಂದಿರ ಶಾಲಾ ದಾಖಲೆಯಲ್ಲಿ ಬೇರೆ ಬೇರೆ ಬರೆದಿರುತ್ತದೆ. ‘ನಾಮಧಾರಿ’ ಎಂಬ ಪದವನ್ನು ಒಕ್ಕಲಿಗರ ಒಂದು ಗುಂಪಿಗೂ ಬಳಸುವ ರೂಢಿ ಇರುವುದರಿಂದ 2ಎ ಆಗಬೇಕಾದದ್ದು 3ಎ ಆಗಿ ಬಂದುಬಿಡಬಹುದು, ಅಥವಾ ತಿರುವುಮುರುವು. ತಂದೆಯ ಶಾಲಾ ದಾಖಲೆ ಇಟ್ಟುಕೊಂಡು ಹೋದರೆ ಗ್ರಾಮ ಆಡಳಿತಾಧಿಕಾರಿಗೆ (ಹಿಂದಿನ ಗ್ರಾಮ ಲೆಕ್ಕಿಗರು) ತೋರಿಸಲು ಆಧಾರವಾಗುತ್ತದೆ. ಹಸಲರಂಥ ಸಣ್ಣ ಸಮುದಾಯಗಳಲ್ಲಿ ತಂದೆಯ ಕಾಲದ ದಾಖಲೆಯೇ ಇಲ್ಲದ ಮನೆಗಳು ಸಿಗುತ್ತವೆ. ಅಂಥ ಕಡೆ ಸ್ಥಳ ಮಹಜರು ಆಗಬೇಕು, ತಿಂಗಳುಗಟ್ಟಲೆ ಹಿಡಿಯಬಹುದು. ಪಿಯು ಕಾಲೇಜಿನ ಉಪನ್ಯಾಸಕರು ಆ ಮಕ್ಕಳನ್ನು ಪ್ರಥಮ ಪಿಯುನಲ್ಲೇ ಗುರುತಿಸಿ ಜೊತೆಗೆ ನಿಲ್ಲಬೇಕು. ಎಸ್‌ಟಿಯ ಪಾಲು 7%ಕ್ಕೆ ಏರಿದೆ, ಸರಿ. ಅದರೊಳಗೆ ಕಾಡಂಚಿನ ಸಣ್ಣ ಸಮುದಾಯದ ಮಗು ತಲುಪುವುದಕ್ಕೆ ಮೊದಲ ತಡೆ ನೀಟ್ ಅಲ್ಲ, ಈ ಕಾಗದ.

ಒಂದು ತಪ್ಪು ತಿಳಿವಳಿಕೆ ಬಹಳ ಹಾನಿ ಮಾಡುತ್ತಿದೆ. “ಕೆಟಗರಿ ಹಾಕಿದರೆ ಜಿಎಂ ಸೀಟು ಸಿಗಲ್ಲ” ಎಂದು ಒಳ್ಳೆಯ ರ‍್ಯಾಂಕಿನ ಮಕ್ಕಳು ವರ್ಗ ಬಿಟ್ಟುಬಿಡುತ್ತಾರೆ. ಹಾಗಿಲ್ಲ. ನೀವು ಆಪ್ಷನ್ ಎಂಟ್ರಿಯಲ್ಲಿ ಕೊಡುವುದು ಕಾಲೇಜು ಮತ್ತು ಕೋರ್ಸಿನ ಕ್ರಮ ಮಾತ್ರ. ಮೊದಲ ಆಯ್ಕೆಯ ಕಾಲೇಜಿನಲ್ಲಿ ನಿಮ್ಮ ರ‍್ಯಾಂಕಿಗೆ ಜಿಎಂ ಸೀಟು ಇದ್ದರೆ ಅದನ್ನೇ ಕೊಡುತ್ತಾರೆ, ಇಲ್ಲದಿದ್ದರೆ ನೀವು ಅರ್ಹರಿರುವ ಉಳಿದ ಕೋಡುಗಳನ್ನು ನೋಡುತ್ತಾರೆ, ಅಲ್ಲೂ ಇಲ್ಲದಿದ್ದರೆ ಎರಡನೇ ಆಯ್ಕೆಗೆ ಹೋಗುತ್ತಾರೆ. ಅರ್ಹವಿದ್ದ ಕೋಡನ್ನೆಲ್ಲ ಕೇಳಿಡಿ. ಅರ್ಜಿ ಹಾಕುವಾಗ ಕೇಳದಿದ್ದದ್ದನ್ನು ಆಮೇಲೆ ಸೇರಿಸುವುದು ಕಷ್ಟ.

ಅಖಿಲ ಭಾರತ ಕೋಟಾ ಎಂಸಿಸಿ (ಕೇಂದ್ರದ ಮೆಡಿಕಲ್ ಕೌನ್ಸೆಲಿಂಗ್ ಸಮಿತಿ) ಕೈಯಲ್ಲಿದೆ. ಅಲ್ಲಿ 2ಎ, 3ಬಿ ಎಂಬುದಿಲ್ಲ, ಒಬಿಸಿ 27% ಮತ್ತು ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲರು) 10% ಇದೆ. ಕೇಂದ್ರದ ಒಬಿಸಿ ಪಟ್ಟಿಯೇ ಬೇರೆ, ಪತ್ರದ ನಮೂನೆಯೂ ಬೇರೆ. ರಾಜ್ಯದ 3ಎ, 3ಬಿಯಲ್ಲಿರುವ ಎಲ್ಲರೂ ಅದರಲ್ಲಿಲ್ಲ. ಇಡಬ್ಲ್ಯುಎಸ್ ಕೇಳುವವರು ಜಮೀನಿನ ಷರತ್ತು ನೋಡಿಕೊಳ್ಳಿ, ಕುಟುಂಬಕ್ಕೆ ಐದು ಎಕರೆ ಅಥವಾ ಅದಕ್ಕಿಂತ ಹೆಚ್ಚು ಕೃಷಿ ಭೂಮಿ ಇದ್ದರೆ ಇಲ್ಲ.

ಇಷ್ಟೆಲ್ಲ ಕಾಗದದ ಹಿಂದೆ ಏಕೆ ಬೀಳಬೇಕು ಎಂದರೆ, ಕಾಯಿಲೆಗಳೂ ಎಲ್ಲರ ಮನೆಗೆ ಒಂದೇ ಸಮ ಹೋಗುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಕಾಡಿಗೆ ಹೋಗಿ ದರಗು (ಒಣ ಎಲೆ) ಗುಡಿಸುವವರನ್ನು, ದನ ಮೇಯಿಸುವವರನ್ನು, ಸೌದೆ ತರುವವರನ್ನು ಹಿಡಿಯುತ್ತದೆ, ಅದನ್ನು ಹರಡುವ ಉಣುಗು ಕಚ್ಚುವುದು ಅವರಿಗೇ. “ಕಾಡಿಗೆ ಹೋಗಿದ್ದಿರಾ” ಎಂದು ಕೇಳಿದರೆ ಅರಣ್ಯ ಇಲಾಖೆಯ ಭಯಕ್ಕೆ ಇಲ್ಲ ಎನ್ನುತ್ತಾರೆ. “ಕೊಟ್ಟಿಗೆಗೆ ದರಗು ಎಲ್ಲಿಂದ ತಂದಿರಿ” ಎಂದು ಕೇಳಬೇಕು, ಆ ಪ್ರಶ್ನೆ ಆ ಬದುಕನ್ನು ಬಲ್ಲವರಿಗೆ ಹೊಳೆಯುತ್ತದೆ. ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆ 1970ರ ದಶಕದ ಮಧ್ಯದಲ್ಲಿ ಬೆಳಕಿಗೆ ಬಂತು. ಸೊಂಟದ ಕೀಲು, ಮಂಡಿ ಸವೆದು ನಡೆಯಲಾಗದಂತೆ ಮಾಡುವ ಈ ವಂಶವಾಹಿ ರೋಗ ಕಂಡದ್ದು ಹೆಚ್ಚಾಗಿ ಚಲವಾದಿ ಮತ್ತು ಚನ್ನಂಗಿ ಸಮುದಾಯಗಳಲ್ಲಿ. ರಕ್ತ ಸಂಬಂಧದ, ಮದುವೆಯ ಮಾತು ಕೇಳಬೇಕಾದ ಇಂಥ ಕಡೆ ತಮ್ಮವರೊಬ್ಬರು ಬಿಳಿ ಕೋಟು ಹಾಕಿ ಕೂತಿದ್ದರೆ ಜನ ಬಾಯಿ ಬಿಡುತ್ತಾರೆ.

ರೋಗಿಯನ್ನು ಪರೀಕ್ಷಿಸುವಾಗ ಮೈಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಕೆಂಪು ಮತ್ತು ಅವಕೆಂಪು ಬೆಳಕು ಹಾಯಿಸಿ ಆಮ್ಲಜನಕ ಅಳೆಯುತ್ತದೆ. ಚರ್ಮದ ಮೆಲನಿನ್ ಆ ಬೆಳಕಿನ ಒಂದಂಶ ಹೀರುತ್ತದೆ. 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯಂತ್ರ 92ರಿಂದ 96 ತೋರಿಸುತ್ತಿದ್ದಾಗಲೂ ರಕ್ತದಲ್ಲಿ ನಿಜವಾಗಿ 88ಕ್ಕಿಂತ ಕಡಿಮೆ ಇದ್ದ ಪ್ರಸಂಗಗಳು ಬಿಳಿಯರಿಗಿಂತ ಕಪ್ಪು ರೋಗಿಗಳಲ್ಲಿ ಹೆಚ್ಚುಕಡಿಮೆ ಮೂರು ಪಟ್ಟು ಕಂಡವು. ಕಪ್ಪು ಮೈಯವರೇ ಹೆಚ್ಚಿರುವ ನಮ್ಮ ವಾರ್ಡುಗಳಲ್ಲಿ 93 ಎಂದು ತೋರಿದರೆ ಉಸಿರಿನ ವೇಗವನ್ನೂ ಎಣಿಸಬೇಕು, ನೀಲಿಗಟ್ಟಿದೆಯೇ ಎಂದು ನಾಲಿಗೆ ಮತ್ತು ತುಟಿಯ ಒಳಭಾಗದಲ್ಲಿ ನೋಡಬೇಕು.

ಸೀಟು ಸಿಕ್ಕಿದ ಮೇಲಿನ ಒಂದು ವಿಷಯ. ನೀಟ್ ಕನ್ನಡದಲ್ಲೂ ಬರೆಯಬಹುದು, ಪ್ರಶ್ನೆಪತ್ರಿಕೆಯಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಇರುತ್ತವೆ, ಸಂದೇಹ ಬಂದರೆ ಇಂಗ್ಲಿಷ್ ಪಾಠವೇ ಅಂತಿಮ. ಎಂಬಿಬಿಎಸ್‌ನಲ್ಲಿ ಅಂಥ ಆಸರೆ ಇಲ್ಲ. ಅಂಗರಚನೆ, ಶರೀರಕ್ರಿಯೆ, ಜೀವರಸಾಯನ ಮೂರೂ ಇಂಗ್ಲಿಷಿನಲ್ಲಿ, ಮೊದಲ ವರ್ಷ ದಾಟಲು ನಾಲ್ಕು ಪ್ರಯತ್ನ ಮಾತ್ರ. ಕನ್ನಡ ಮಾಧ್ಯಮದಿಂದ ಬಂದವರು ಸೋಲುವುದು ವಿಷಯ ತಿಳಿಯದೆ ಅಲ್ಲ, ಬರವಣಿಗೆಯ ವೇಗ ಸಾಲದೆ ಮತ್ತು ಮೌಖಿಕ ಪರೀಕ್ಷೆಯಲ್ಲಿ ಬಾಯಿ ಕಟ್ಟಿ. ಮೊದಲ ಮೂರು ತಿಂಗಳು ದಿನಕ್ಕೆ ಒಂದು ಪ್ರಶ್ನೆಗೆ ಹತ್ತು ನಿಮಿಷದಲ್ಲಿ ಉತ್ತರ ಬರೆದು, ಅದನ್ನೇ ಪಕ್ಕದ ರೂಮಿನವರ ಮುಂದೆ ಗಟ್ಟಿಯಾಗಿ ಹೇಳಿ. ಮೂಳೆ ಕೈಯಲ್ಲಿ ಹಿಡಿದೇ ಹೇಳಬೇಕು. ಮೌಖಿಕದಲ್ಲಿ ಕೊಡುವುದೂ ಮೂಳೆಯನ್ನೇ.