ಪ್ಲಾನ್ ದೊಡ್ಡದು ಮಾಡೋ ಮುಂಚೆ ಗೋಡೆ ನೋಡಿ

ತೀರ್ಥಹಳ್ಳಿ, ಹೊಸನಗರ ಕಡೆ ಯಾರ ಮನೆಗೆ ಹೋದ್ರೂ ಈಗ ಒಂದೇ ಮಾತು, ಫೈಬರ್ ಹಾಕ್ಸಿದೀವಿ, 100 ಎಂಬಿಪಿಎಸ್ ಪ್ಲಾನು, ಆದ್ರೂ ಹಿಂದಿನ ಕೋಣೆಲಿ ವಿಡಿಯೋ ಕಾಲ್ ನಿಂತು ನಿಂತು ಬರತ್ತೆ, 200ಕ್ಕೆ ಹಾಕ್ಸೋದಾ ಅಂತ. ಬೇಡ ಮಾರಾಯ್ರೆ. ವಿಡಿಯೋ ಕಾಲಿಗೆ 3-4 ಎಂಬಿಪಿಎಸ್ ಇದ್ರೆ ಧಾರಾಳ ಆಯ್ತು. ಮೊದ್ಲು ಒಂದು ಲ್ಯಾನ್ ಕೇಬಲ್ ತಗೊಂಡು ರೌಟರ್‌ನಿಂದ ಸೀದಾ ಲ್ಯಾಪ್‌ಟಾಪಿಗೆ ಹಾಕಿ ಸ್ಪೀಡ್ ಟೆಸ್ಟ್ ಮಾಡಿ, 90ರ ಮೇಲೆ ಬಂತಾ, ಲೈನ್ ಸರಿ ಇದೆ, ತೊಂದ್ರೆ ಇರೋದು ಮನೆ ಒಳಗಿನ ವೈಫೈಲಿ. (200ರ ಪ್ಲಾನ್ ಇದ್ದೂ 94-95ಕ್ಕೇ ನಿಲ್ತಿದ್ರೆ ರೌಟರಲ್ಲಿ ಕೇಬಲ್ ಸಿಕ್ಕಿಸೋ ಪೋರ್ಟ್ 100ರವರೆಗಿನದ್ದು ಮಾತ್ರ, ಇಲ್ಲಾ ಕೇಬಲ್ ಒಳಗೆ ಒಂದು ತಂತಿ ಕಟ್ಟಾಗಿದೆ, ಅದನ್ನೂ ನೋಡಿ.)

ನಮ್ಮ ಹಳೇ ಮನೆಗಳ ಗೋಡೆ ಗೊತ್ತಲ್ಲ, ಮಣ್ಣಿಂದೋ ಜಂಬಿಟ್ಟಿಗೆದೋ, ಮೊಳ ದಪ್ಪ. ರೌಟರ್ ಇಡೋದು ಕೇಬಲ್ ಒಳಗೆ ಬಂದ ಜಾಗದಲ್ಲೇ, ಜಗಲಿ ಕಿಟಕಿ ಪಕ್ಕ, ಮಕ್ಕಳು ಓದೋದು ನಡುಮನೆ ದಾಟಿ ಆಚೆ. ವೈಫೈ ಬರೋದು ಎರಡು ಥರದ ರೇಡಿಯೋ ಅಲೆಲಿ, 5 ಗಿಗಾಹರ್ಟ್ಜ್ ಮತ್ತೆ 2.4 ಗಿಗಾಹರ್ಟ್ಜ್. 5ರದ್ದಕ್ಕೆ ಸ್ಪೀಡ್ ಜಾಸ್ತಿ ನಿಜ, ಆದ್ರೆ ಇಂಥ ಎರಡು ಗೋಡೆ ದಾಟೋಷ್ಟ್ರಲ್ಲಿ ಏನೂ ಉಳಿಯಲ್ಲ, 2.4 ಸ್ವಲ್ಪ ದೂರ ಹೋಗತ್ತೆ ಆದ್ರೆ ನಿಧಾನ, ಅದೂ ಶಿವಮೊಗ್ಗ ಪೇಟೆ ಒಳಗಾದ್ರೆ ಅಕ್ಕಪಕ್ಕದವ್ರ ವೈಫೈ ಎಲ್ಲಾ ಅದ್ರಲ್ಲೇ ಇರತ್ತೆ, ಆ 2.4ರಲ್ಲಿ ಒಂದಕ್ಕೊಂದು ತಾಗದ ಚಾನಲ್ (ಸಿಗ್ನಲ್ ಹೋಗೋ ದಾರಿ) ಅಂತ ಇರೋದೇ 1, 6, 11 ಮೂರು. ತೋಟದ ಮನೆಗೆ ಆ ಕಾಟ ಇಲ್ಲ. ಅಂಗಡಿಯವ್ರು ರಿಪೀಟರ್ (ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ಕಳ್ಸೋ ಡಬ್ಬಿ) ಕೊಡ್ತಾರೆ, ಅಗ್ಗದ ರಿಪೀಟರ್ ಒಂದೇ ರೇಡಿಯೋಲಿ ತಗೊಂಡು ಅದ್ರಲ್ಲೇ ಕಳ್ಸತ್ತೆ, ಸ್ಪೀಡ್ ಅರ್ಧಕ್ಕರ್ಧ ಹೋಗತ್ತೆ. ನಾನು ಹೇಳೋದು ಅಟ್ಟದ ಮೇಲಿಂದ ಒಂದು ಲ್ಯಾನ್ ಕೇಬಲ್ ಎಳೆದು ನಡುಮನೆಲಿ ಇನ್ನೊಂದು ಆಕ್ಸೆಸ್ ಪಾಯಿಂಟ್ (ಕೇಬಲಲ್ಲಿ ಬಂದ ನೆಟ್ಟನ್ನ ಅಲ್ಲಿಂದ ವೈಫೈ ಮಾಡಿ ಕೊಡೋ ಡಬ್ಬಿ) ಹಾಕಿ ಅಂತ, ಅದಕ್ಕಿಂತ ಒಳ್ಳೇದು ಇಲ್ಲ.

ಇನ್ನು ಪಿಂಗ್, ಅಂದ್ರೆ ನಾವು ಕಳ್ಸಿದ್ದು ಆ ಕಡೆ ಸರ್ವರ್ ಮುಟ್ಟಿ ವಾಪಸ್ ಬರಕ್ಕೆ ಹಿಡಿಯೋ ಹೊತ್ತು, ಲೆಕ್ಕ ಮಿಲಿಸೆಕೆಂಡಲ್ಲಿ. ಟೆಸ್ಟ್ ಮಾಡಿದವ್ರು ದೊಡ್ಡ ನಂಬರ್ ಒಂದೇ ನೋಡ್ತಾರೆ, ಕಾಲ್‌ಗೆ, ಗೇಮ್‌ಗೆ ಮುಖ್ಯ ಆಗೋದು ಇದು. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗತ್ತೆ, ಶಿವಮೊಗ್ಗದಿಂದ ಬೆಂಗಳೂರು 300 ಕಿ.ಮೀ., ಹೋಗಿ ಬರಕ್ಕೆ 3 ಮಿಲಿಸೆಕೆಂಡ್, ಮಧ್ಯದ ಮಷಿನ್‌ಗಳೆಲ್ಲ ಸೇರಿ ಇನ್ನೂ ಸ್ವಲ್ಪ. ಗೇಮ್ ಸರ್ವರ್ ಸಿಂಗಾಪುರದಲ್ಲಿದ್ರೆ 30ರ ಕೆಳಗೆ ಬರಕ್ಕೆ ಸಾಧ್ಯನೇ ಇಲ್ಲ, 1 ಜಿಬಿಪಿಎಸ್ ಪ್ಲಾನ್ ಹಾಕ್ಸಿದ್ರೂ ಅಷ್ಟೇ. ಆದ್ರೆ ಮನೇಲಿ ಯಾರೋ ಫೋನಿನ ಫೋಟೋ ಎಲ್ಲಾ ಬ್ಯಾಕಪ್‌ಗೆ ಹಾಕಿದಾಗ ಪಿಂಗ್ 15 ಇದ್ದಿದ್ದು 300ಕ್ಕೆ ಹೋಗತ್ತಲ್ಲ, ಅದು ರೌಟರ್ ಒಳಗೆ ಕ್ಯೂ ನಿಲ್ಲೋದ್ರಿಂದ, ಅದನ್ನ ಸರಿ ಮಾಡ್ಬಹುದು, ರೌಟರ್ ಸೆಟ್ಟಿಂಗ್ಸಲ್ಲಿ ಕ್ಯೂಒಎಸ್ (ಯಾವುದು ಮೊದ್ಲು ಹೋಗ್ಬೇಕು ಅಂತ ನೋಡಿ ಕಳ್ಸೋ ಸೌಲಭ್ಯ) ಇದ್ರೆ ಆನ್ ಮಾಡಿ ಅಪ್‌ಲೋಡ್ ಮಿತಿ ಸ್ವಲ್ಪ ಕಮ್ಮಿ ಇಡಿ.

ಮಳೆಗಾಲದಲ್ಲಿ ಮಾತ್ರ ಕಥೆ ಬೇರೆ. ಅಡಿಕೆ ಸೋಗೆ, ಕೊಂಬೆ ಬಿದ್ದು ಕೇಬಲ್ ಮಡಚಿಕೊಂಡ್ರೆ ಆ ಮಡಿಕೇಲೇ ಬೆಳಕು ಸೋರಿ ಹೋಗತ್ತೆ. ಲೈನ್‌ನವ್ರು ಬಂದಾಗ ಫೈಬರಲ್ಲಿ ಬರೋ ಬೆಳಕಿನ ಪವರ್ ಎಷ್ಟಿದೆ ಅಂತ ಕೇಳಿ, ಅದನ್ನ ಡಿಬಿಎಂ ಲೆಕ್ಕದಲ್ಲಿ ಹೇಳ್ತಾರೆ, ಮೈನಸ್ 20 ಆಸುಪಾಸು ಇದ್ರೆ ಆರಾಮು, ಮೈನಸ್ 27 ಹತ್ರ ಬಂದಿದ್ರೆ ಬೆಳಕು ತೀರಾ ಕಮ್ಮಿ ಅಂತ, ಮುಂದಿನ ಗಾಳಿಮಳೆಗೆ ಲೈನ್ ಹೋಗಿ ಡಬ್ಬಿಲಿ ಕೆಂಪು ಲೈಟ್ ಗ್ಯಾರಂಟಿ, ಆಗ್ಲೇ ಹೊಸದಾಗಿ ಜಾಯಿಂಟ್ ಮಾಡ್ಸಿಕೊಳ್ಳಿ.