ಕುಳಿತುಕೊಳ್ಳಲು ಜಾಗವಿರುವ ಊರು

ಬೇಕಲ ಕೋಟೆಯನ್ನು ನೋಡಿ ಕಾಸರಗೋಡನ್ನೇ ನೋಡಿದೆವು ಎನ್ನುವವರು ನನಗೆ ಬಹಳ ಮಂದಿ ಸಿಕ್ಕಿದ್ದಾರೆ. ಅವರ ಮೇಲೆ ಸಿಟ್ಟಿಲ್ಲ. ಕೆಳದಿಯ ಶಿವಪ್ಪ ನಾಯಕನ ಕಾಲದ ಆ ಕೋಟೆ ಕೇರಳದಲ್ಲೇ ದೊಡ್ಡದು, ಕಡಲು ಅದರ ಬುಡಕ್ಕೇ ಬಂದು ಬಡಿಯುತ್ತದೆ, ನೋಡಲೇಬೇಕಾದದ್ದು. ಆದರೆ ರೈಲಿಳಿದು, ಕಾರು ಹತ್ತಿ, ನೇರ ಬೇಕಲಕ್ಕೆ ಹೋಗಿ ಸಂಜೆಗೆ ಮಂಗಳೂರಿಗೆ ಮರಳುವವರಿಗೆ ಕಾಸರಗೋಡು ಪೇಟೆ ಎಂದರೆ ಕಾರಿನ ಗಾಜಿನಾಚೆ ಕಂಡ ಮೇಲ್ಸೇತುವೆ, ಅಷ್ಟೇ. ನಾನು ಪೇಟೆಯ ಅಂಚಿನ ಕೂಡ್ಲಿನಲ್ಲಿ ಹುಟ್ಟಿ ಬೆಳೆದು, ಇಲ್ಲಿಯ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದವಳು. ಮೈಸೂರಿನ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದ ಗೆಳತಿ ಈ ಜನವರಿಯಲ್ಲಿ ಧಾರವಾಡದಿಂದ ಮಗಳೊಡನೆ ಬರುತ್ತೇನೆಂದಾಗ ಷರತ್ತು ಹಾಕಿದೆ: ಶನಿವಾರ ಪೂರ್ತಿ ಪೇಟೆಗೆ, ಬೇಕಲ ಏನಿದ್ದರೂ ಭಾನುವಾರ.

ಮಗಳು ವಾಸ್ತುಶಿಲ್ಪ ಓದುತ್ತಿರುವ ಹುಡುಗಿ. ಬೆಳಿಗ್ಗೆ ಮಧೂರಿಗೆ ಕರೆದುಕೊಂಡು ಹೋದೆ. ಮಧುವಾಹಿನಿ ಹೊಳೆಯ ದಡದಲ್ಲಿ ಆನೆಯ ಬೆನ್ನಿನಂತೆ ದುಂಡಗೆ ಬಾಗಿದ ಗಜಪೃಷ್ಠದ ಗುಡಿ, ಮೂರು ಅಂತಸ್ತಿನ ಮಾಡು, ಮೇಲೆ ತಾಮ್ರದ ಹೊದಿಕೆ. ಮೂಲದೇವರು ಶಿವನೇ ಆದರೂ ಊರವರ ಬಾಯಲ್ಲಿ ಅದು ಗಣಪತಿಯ ಮಧೂರು. ಮಾಡಿನ ಮರಗೆಲಸವನ್ನು ಹುಡುಗಿ ಮೆಚ್ಚುತ್ತಾಳೆ ಎಂದುಕೊಂಡಿದ್ದೆ. ಅವಳು ನೋಡುತ್ತಿದ್ದದ್ದು ಹೊರಗಿನ ಜಗಲಿಯನ್ನು. ಪೂಜೆ ಮುಗಿಸಿದವರು ಎದ್ದು ಹೋಗುವ ಅವಸರವಿಲ್ಲದೆ ಅಲ್ಲಿ ಕುಳಿತಿದ್ದರು. ಒಬ್ಬ ಅಜ್ಜ ಮೊಮ್ಮಗನಿಗೆ ಪ್ರಸಾದದ ಅಪ್ಪ ಮುರಿದು ಕೊಡುತ್ತಿದ್ದರು, ಇಬ್ಬರು ಹೆಂಗಸರು ಯಾರದೋ ಮದುವೆಯ ಮಾತಿನಲ್ಲಿ ಮುಳುಗಿದ್ದರು. "ಮಾವಶಿ, ಇವರೆಲ್ಲ ಇಲ್ಲಿ ಆರಾಮವಾಗಿದ್ದಾರೆ. ಅದಕ್ಕೇ ನಮಗೂ ಇಲ್ಲಿ ಹಿತವೆನಿಸುತ್ತದೆ" ಎಂದಳು. ಆ ಮಾತು ದಿನವಿಡೀ ನನ್ನ ಜೊತೆಗೇ ಬಂತು.

ಮಧೂರಿನಿಂದ ಕೈಮಗ್ಗದ ಸೀರೆ ನೇಯುವಲ್ಲಿಗೆ. ಕಾಸರಗೋಡು ಸೀರೆ ಹತ್ತಿಯದು, ಹಗುರ, ನಮ್ಮ ಸೆಕೆಗೆ ಹೇಳಿ ಮಾಡಿಸಿದ್ದು. ಇಲ್ಲಿ ನೇಯುತ್ತಾ ಬಂದವರು ಶಾಲಿಯ ಸಮುದಾಯದವರು. 2010ರಲ್ಲಿ ಇದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಗುರುತಿನ ಪತ್ರ ಬಂದಷ್ಟು ಬೇಗ ಎಳೆಯ ನೇಕಾರರು ಬರಲಿಲ್ಲ. ಗೆಳತಿ ಒಂದು ಸೀರೆ ಕೊಂಡಳು. ಇಳಕಲ್ ಸೀರೆಯ ನಾಡಿನಿಂದ ಬಂದವಳು, ಅಂಚನ್ನು ಬೆರಳಿನಲ್ಲಿ ಮುಟ್ಟಿ ನೋಡಿದ ರೀತಿಯಲ್ಲೇ ಅವಳಿಗೆ ನೇಯ್ಗೆಯ ಬೆಲೆ ಗೊತ್ತು ಎಂದು ಮಗ್ಗದ ಮುಂದಿದ್ದವರಿಗೆ ತಿಳಿಯಿತು. ಅವರು ಕೆಲಸ ನಿಲ್ಲಿಸಿ ಹಾಸು ಹೊಕ್ಕಿನ ಲೆಕ್ಕ ವಿವರಿಸಿದರು, ಅರ್ಧ ಮಲಯಾಳದಲ್ಲಿ, ಅರ್ಧ ಕನ್ನಡದಲ್ಲಿ.

ಆಮೇಲೆ ಬಸ್ ನಿಲ್ದಾಣ. ಪೇಟೆಯ ಜೀವ ಅಲ್ಲಿರುತ್ತದೆ ಎಂದು ಬೇಕೆಂದೇ ಕರೆದೊಯ್ದಿದ್ದೆ. ಮಲಯಾಳ, ತುಳು, ಕನ್ನಡ, ಬ್ಯಾರಿ, ಕೊಂಕಣಿ, ಮರಾಠಿ, ಉರ್ದು ಎಂದು ಎಣಿಸಿ ನಮ್ಮ ಊರನ್ನು ಸಪ್ತಭಾಷಾ ಸಂಗಮ ಭೂಮಿ ಎನ್ನುತ್ತೇವೆ. ಅದು ಭಾಷಣದ ಮಾತಲ್ಲ ಎಂದು ಗೊತ್ತಾಗಬೇಕಾದರೆ ಈ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ನಮ್ಮ ಆಟೋ ಚಾಲಕರು ನನ್ನನ್ನು "ಟೀಚರೇ" ಎಂದು ಕನ್ನಡದಲ್ಲಿ ಕರೆದು, ಪಕ್ಕದ ಆಟೋದವರಿಗೆ ಮಲಯಾಳದಲ್ಲಿ ಜಾಗ ಬಿಡಲು ಹೇಳಿ, ಮೀನಿನ ಬುಟ್ಟಿಯವಳೊಡನೆ ತುಳುವಿನಲ್ಲಿ ಬೆಲೆ ಕೇಳಿದರು. ಗೆಳತಿ ಬೆರಗಾದಳು.

ನಾನು ನೀರಿನ ಬಾಟಲಿ ತರಲು ಅಂಗಡಿಗೆ ಹೋಗಿದ್ದೆ. ಮರಳಿ ಬರುವಾಗ ಗೆಳತಿಯ ಎದುರು ಆಸ್ಪತ್ರೆಯ ಚೀಟಿಗಳಿದ್ದ ಚೀಲ ಹಿಡಿದ ಒಬ್ಬ ಅಜ್ಜಿ ನಿಂತಿದ್ದರು. "ಬದಿಯಡ್ಕದ ಬಸ್ಸು ಇದೇ ಏನಕ್ಕ?" ಎಂದು ಕೇಳುತ್ತಿದ್ದರು. ಬಸ್ಸಿನ ಫಲಕ ಮಲಯಾಳದಲ್ಲಿ ಮಾತ್ರ ಇತ್ತು. "ನನಗೂ ಓದಲು ಬರುವುದಿಲ್ಲ, ಅಮ್ಮಾ. ನಾನು ಪರ ಊರಿನವಳು" ಎಂದಳು ಗೆಳತಿ. ಒಬ್ಬಳು ಘಟ್ಟದಾಚೆ ಬಹಳ ದೂರದಿಂದ ಬಂದವಳು, ಇನ್ನೊಬ್ಬರು ಈ ಮಣ್ಣಿನಲ್ಲೇ ಹುಟ್ಟಿ ಕನ್ನಡ ಶಾಲೆಯಲ್ಲಿ ನಾಲ್ಕಕ್ಷರ ಕಲಿತವರು. ಇಬ್ಬರೂ ಒಂದೇ ಫಲಕದ ಕೆಳಗೆ ಒಂದೇ ರೀತಿ ದಿಕ್ಕು ತೋಚದೆ ನಿಂತಿದ್ದರು. ನನ್ನ ಹೊಟ್ಟೆಯಲ್ಲಿ ಸಂಕಟವಾಯಿತು. 1956ರ ನವೆಂಬರ್ 1ರಂದು ಗಡಿಯ ಗೆರೆ ಬದಲಾಯಿತು, ಅಜ್ಜಿ ಇದ್ದಲ್ಲೇ ಇದ್ದರು. ಇಲ್ಲಿಯ ಕನ್ನಡಿಗರು ಸರ್ಕಾರದೊಡನೆ ಕನ್ನಡದಲ್ಲೇ ವ್ಯವಹರಿಸಬಹುದೆಂದು ಕೇರಳದ 1969ರ ಆಡಳಿತ ಭಾಷಾ ಕಾಯಿದೆಯಲ್ಲೇ ಇದೆ. ಬಸ್ಸಿನ ಹಣೆಯ ಮೇಲೆ ಇನ್ನೊಂದು ಸಾಲು ಬರೆಯಲು ಎಷ್ಟು ಬಣ್ಣ ಬೇಕು?

ಅಷ್ಟರಲ್ಲಿ ತಲೆವಸ್ತ್ರ ತೊಟ್ಟ ಕಾಲೇಜು ಹುಡುಗಿಯೊಬ್ಬಳು ಮಾತು ಕೇಳಿಸಿಕೊಂಡು ಹತ್ತಿರ ಬಂದಳು. ಅಜ್ಜಿಯ ಚೀಲ ತೆಗೆದುಕೊಂಡು, ಮೂರನೆಯ ಬಸ್ಸಿನ ತನಕ ನಡೆಸಿ, ಕಿಟಕಿಯ ಬದಿಯ ಸೀಟಿನಲ್ಲಿ ಕುಳ್ಳಿರಿಸಿ, ಎಲ್ಲಿ ಇಳಿಸಬೇಕೆಂದು ನಿರ್ವಾಹಕರಿಗೆ ಹೇಳಿ ಬಂದಳು. ಅವಳ ತುಳುವಿನಲ್ಲಿ ಮಲಯಾಳದ ರಾಗವಿತ್ತು. ಈ ಹುಡುಗಿಯಂಥವರು ನಮ್ಮ ಪೇಟೆಯ ನಿಜವಾದ ಸೊಗಸು. ಆದರೆ ಅವರ ಒಳ್ಳೆಯತನದ ಮೇಲೆಯೇ ಎಲ್ಲ ಭಾರವನ್ನೂ ಹೊರಿಸಿ ಬಿಡುವುದು ಸರಿಯಲ್ಲ. ಪ್ರವಾಸಿಗೆ ಬೇಕಾದದ್ದು, ಊರವರಿಗೆ ಬೇಕಾದದ್ದು ಎಂದು ನಾವು ಬೇರೆ ಬೇರೆ ಪಟ್ಟಿ ಮಾಡುತ್ತೇವೆ. ಆ ಫಲಕದ ಕೆಳಗೆ ನಿಂತವರಿಬ್ಬರಿಗೆ ಬೇಕಾಗಿದ್ದದ್ದು ಒಂದೇ.

ಮಧ್ಯಾಹ್ನದ ಊಟಕ್ಕೆ ಮೊದಲು ಕಾಲು ನೋಯುತ್ತಿದೆ ಎಂದು ಗೆಳತಿ ಕುಳಿತುಕೊಳ್ಳಲು ಜಾಗ ಹುಡುಕಿದಳು. ಸಿಗಲಿಲ್ಲ. ಹೊಸ ಬಸ್ ನಿಲ್ದಾಣದ ಎದುರು ಒಂಟಿ ಕಂಬಗಳ ಸಾಲಿನ ಮೇಲೆ ಹೆದ್ದಾರಿಯ ಹೊಸ ಸೇತುವೆ ಹಾದುಹೋಗಿದೆ. ಕೆಳಗೆ ಒಳ್ಳೆಯ ನೆರಳು. ಹುಡುಗಿ ಆ ನೆರಳನ್ನು ಹೆಜ್ಜೆಯಲ್ಲಿ ಅಳೆದು, ಇಲ್ಲಿ ಕಲ್ಲಿನ ಬೆಂಚು, ಇಲ್ಲಿ ಕಬ್ಬಿನ ಹಾಲಿನವರು, ಇಲ್ಲಿ ಸಂಜೆಗೆ ಚೆಂಡೆ ಕಲಿಯುವ ಮಕ್ಕಳು ಎಂದು ತೋರಿಸುತ್ತಾ ಹೋದಳು. ದುಬಾರಿಯದ್ದು ಒಂದೂ ಇರಲಿಲ್ಲ. ರಾತ್ರಿ ಎಂಟಾಯಿತೆಂದರೆ ನಮ್ಮ ಪೇಟೆಯ ಬಾಗಿಲುಗಳು ಒಂದೊಂದಾಗಿ ಬೀಳುತ್ತವೆ. ಸಂಜೆ ಕಳೆಯಲು ಎಳೆಯರು ಮಂಗಳೂರಿನ ರೈಲು ಹತ್ತುತ್ತಾರೆ. ಕಾಯಿಲೆ ಜೋರಾದರೂ ಮಂಗಳೂರೇ. 2020ರಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಆಂಬುಲೆನ್ಸ್‌ಗಳು ಅಲ್ಲೇ ನಿಂತುಬಿಟ್ಟ ದಿನಗಳನ್ನು ನಾವು ಯಾರೂ ಮರೆತಿಲ್ಲ. ಉಕ್ಕಿನಡ್ಕದ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಅಡಿಗಲ್ಲು ಹಾಕಿದ್ದು 2013ರಲ್ಲಿ. ಇಲ್ಲಿಯವರಿಗೆ ಇಲ್ಲೇ ಉಳಿಯುವ ಧೈರ್ಯ ಬಾರದ ಊರಿಗೆ ಹೊರಗಿನವರನ್ನು ಕರೆಯುವುದು ಹೇಗೆ ಎಂದು ಊಟದ ಹೊತ್ತಿಗೆ ನಾನು ಸ್ವಲ್ಪ ಜೋರಾಗಿಯೇ ಕೇಳಿದೆನಂತೆ. ಗೆಳತಿ ನನ್ನ ತಟ್ಟೆಗೆ ಇನ್ನೊಂದು ಪತ್ತಿರಿ ಹಾಕಿ ಸುಮ್ಮನಾಗಿಸಿದಳು. ಒಂದೇ ಹೋಟೆಲಿನಲ್ಲಿ ಪಕ್ಕದ ಮೇಜಿನಲ್ಲಿ ಬನ್ಸ್, ಆಚೆ ಮೇಜಿನಲ್ಲಿ ಪುಟ್ಟು ಕಡಲೆ, ಎಲ್ಲರಿಗೂ ಕೊನೆಯಲ್ಲಿ ಸುಲೈಮಾನಿ ಚಹಾ.

ಮಧ್ಯಾಹ್ನ ಮೇಲೆ ತಳಂಗರೆ. ಮಾಲಿಕ್ ದೀನಾರರ ಹೆಸರಿನ ಹಳೆಯ ಮಸೀದಿಯನ್ನು ಹೊರಗಿನಿಂದ ನೋಡಿ, ಓಣಿಯಲ್ಲಿ ನಡೆಯುತ್ತಿದ್ದೆವು. ಕೈಯಲ್ಲಿ ಹೊಲಿಯುವ ಬಿಳಿಯ ತಳಂಗರೆ ಟೊಪ್ಪಿಗೆ ಒಂದು ಕಾಲದಲ್ಲಿ ಕೊಲ್ಲಿ ನಾಡುಗಳ ತನಕ ಬೇಡಿಕೆಯಿತ್ತು. ಈಗ ಹೊಲಿಯುವ ಕೈಗಳು ಕಡಿಮೆ. ಟೊಪ್ಪಿ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದಕ್ಕೆ ಒಂದು ಮನೆಯ ಹಿರಿಯ ಹೆಂಗಸು ನಮ್ಮನ್ನು ಬಿಸಿಲಿನಲ್ಲಿ ನಿಲ್ಲಿಸಿ ಉತ್ತರ ಹೇಳಲು ಒಪ್ಪಲಿಲ್ಲ. ಮೊದಲು ಜಗಲಿಯಲ್ಲಿ ಕುಳಿತುಕೊಳ್ಳಬೇಕು, ಶರಬತ್ತು ಕುಡಿಯಬೇಕು, ಮಾತು ಆಮೇಲೆ. ಬೆಳಿಗ್ಗೆಯಿಂದ ಪೇಟೆ ಕೊಡದಿದ್ದ ಜಾಗವನ್ನು ಗುರುತಿಲ್ಲದ ಮನೆ ಕೊಟ್ಟಿತು. ಗೆಳತಿಗೆ ಮಲಯಾಳ ಬಾರದು, ಅವರಿಗೆ ಧಾರವಾಡದ ಕನ್ನಡ ಹಿಡಿಯದು. ಆದರೂ ಇಬ್ಬರೂ ಸೊಸೆಯಂದಿರ ವಿಷಯ ಮಾತಾಡಿ ನಕ್ಕರು.

ಸಂಜೆ ಚಂದ್ರಗಿರಿ ಕೋಟೆ. ಬೇಕಲದ ಮುಂದೆ ಇದು ಚಿಕ್ಕದು, ಮುರಕಲ್ಲಿನ ಚೌಕ, ಇದೂ ಶಿವಪ್ಪ ನಾಯಕನದೇ ಎನ್ನುತ್ತಾರೆ. ನನಗೆ ಇದೇ ಹೆಚ್ಚು. ಕೆಳಗೆ ಚಂದ್ರಗಿರಿ ಹೊಳೆ, ಹಿಂದೆ ತುಳುನಾಡಿಗೂ ಮಲಯಾಳದ ನಾಡಿಗೂ ನಡುವಿನ ಗಡಿಯೆಂದು ಎಣಿಸುತ್ತಿದ್ದ ನೀರು. ಈಗ ಸೇತುವೆಯ ಮೇಲೆ ಬಸ್ಸುಗಳು ಎರಡೂ ಕಡೆಗೆ ಓಡುತ್ತವೆ. ಗೋಡೆಯ ಮೇಲೆ ಸುತ್ತಲಿನ ಹುಡುಗರು ಕಾಲು ಇಳಿಬಿಟ್ಟು ಕುಳಿತಿದ್ದರು. ಕಡಲೆಕಾಯಿ ಮಾರುವವರೂ ಇರಲಿಲ್ಲ, ದಾರಿ ತೋರಿಸುವ ಸರಿಯಾದ ಫಲಕವೂ ಇರಲಿಲ್ಲ. ಮುಂದಿನ ಸಲ ತೆಯ್ಯಂ ಕುಣಿಯುವ ಕಳಿಯಾಟದ ದಿನಗಳಿಗೆ ಬರುತ್ತೇನೆ, ಪೇಟೆಯಲ್ಲೇ ಉಳಿಯುತ್ತೇನೆ ಎಂದು ಹುಡುಗಿ ಅಲ್ಲಿಯೇ ತೀರ್ಮಾನಿಸಿದಳು. ಭಾನುವಾರ ಬೇಕಲವನ್ನೂ ನೋಡಿದರು, ಸಂತೋಷಪಟ್ಟರು. ಅದರ ಬಗ್ಗೆ ನಾನು ಹೇಳಬೇಕಾದದ್ದು ಇಲ್ಲ.

ಅವರು ಹೊರಟ ಮೇಲೆ ನಾನು ಒಂದು ಅರ್ಜಿ ಬರೆದೆ. ಬಸ್ಸುಗಳ ಫಲಕದಲ್ಲಿ ಕನ್ನಡದ ಸಾಲು ಬೇಕು, ಮೇಲ್ಸೇತುವೆಯ ನೆರಳಿನಲ್ಲಿ ಬೆನ್ನು ಒರಗಿಸಬಹುದಾದ ಬೆಂಚುಗಳು ಬೇಕು, ಚಂದ್ರಗಿರಿಗೆ ದಾರಿಯ ಫಲಕ ಬೇಕು ಎಂದು. ಹುಡುಗಿ ನೆರಳಿನ ಜಾಗದ ನಕ್ಷೆ ಬಿಡಿಸಿ ಧಾರವಾಡದಿಂದ ಕಳುಹಿಸಿದಳು, ಅದನ್ನೂ ಲಗತ್ತಿಸಿದೆ. ಸಹಿಗಾಗಿ ಆಟೋ ನಿಲ್ದಾಣಕ್ಕೂ ನಿಲ್ದಾಣದ ಅಂಗಡಿಗಳಿಗೂ ಹೋದೆ. ನಮ್ಮ ಆಟೋ ಚಾಲಕರು ಹಾಳೆಯನ್ನು ಕೈಯಿಂದ ಕೈಗೆ ದಾಟಿಸಿ ಸಂಜೆಯೊಳಗೆ ತುಂಬಿಸಿ ಕೊಟ್ಟರು. ಬಸ್ಸಿನಲ್ಲಿ ಕನ್ನಡ ಬೇಕೆನ್ನುವ ಆ ಹಾಳೆಯಲ್ಲಿ ಹೆಚ್ಚಿನ ಸಹಿಗಳು ಮಲಯಾಳದಲ್ಲಿವೆ. ಸೋಮವಾರ ಕೊಡುವವಳಿದ್ದೇನೆ, ಅವರೂ ಜೊತೆಗೆ ಬರುತ್ತೇವೆ ಎಂದಿದ್ದಾರೆ.